ಅರೆ ಸೆಕೆಂಡಿನ ವಿಳಂಬ

ಗಂಟೆಗೆ 60 ಕಿಲೋಮೀಟರ್ ವೇಗದಿಂದ ಧಾವಿಸುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಕ್ರಮಿಸುತ್ತದೆ. ಮದ್ಯವು ಚಾಲಕನ ಪ್ರತಿಕ್ರಿಯೆಯನ್ನು ಅರೆ ಸೆಕೆಂಡು ತಡಮಾಡಿತೆಂದು ಭಾವಿಸೋಣ. ಬ್ರೇಕು ಒತ್ತುವಷ್ಟರಲ್ಲಿ ವಾಹನವು ಇನ್ನೂ 8 ಮೀಟರು ಮುಂದೆ ಸಾಗಿರುತ್ತದೆ. ನಮ್ಮ ನಿಟ್ಟುವಳ್ಳಿಯ ಬೀದಿಯಲ್ಲಿ ಅಷ್ಟರೊಳಗೆ ಒಂದು ಮಗು ರಸ್ತೆ ದಾಟುತ್ತಿರಬಹುದು.

ಪ್ರಕೃತಿಯ ನಿಯಮವು ಚಾಲಕನ ವಯಸ್ಸನ್ನು ವಿಚಾರಿಸದು. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ 17 ವರ್ಷದ ಹುಡುಗನೊಬ್ಬನು ಕುಡಿದು ನಡೆಸಿದನೆನ್ನಲಾದ ಕಾರು ಇಬ್ಬರು ತರುಣ ಇಂಜಿನಿಯರುಗಳ ಪ್ರಾಣ ತೆಗೆಯಿತು. ಬಾಲನ್ಯಾಯ ಮಂಡಳಿಯು ಮೊದಲು ಜಾಮೀನಿಗೆ ವಿಧಿಸಿದ ಷರತ್ತುಗಳಲ್ಲಿ 300 ಪದಗಳ ಪ್ರಬಂಧವೂ ಒಂದೆಂದು ತಿಳಿದು ದೇಶವೇ ಕೆರಳಿತು. ಆದರೆ ಶಿಕ್ಷೆಯು ಎಷ್ಟೇ ಕಠಿಣವಾದರೂ ಅದು ಬರುವುದು ಅಪಘಾತದ ಅನಂತರವೇ.

ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ, ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ 3 ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ ವಿಧಿಸುತ್ತದೆ. ಇದು ಫಲಿಸಬೇಕಾದರೆ ಪೊಲೀಸರು ಮನೆಯವರನ್ನೂ ಮದ್ಯ ಮಾರಿದವರನ್ನೂ ವಿಚಾರಣೆಗೆ ಗುರಿಪಡಿಸಬೇಕು; ನ್ಯಾಯಾಲಯಗಳು ತಡಮಾಡದೆ ತೀರ್ಪು ನೀಡಬೇಕು; ಕಾಲೇಜುಗಳು ಲೈಸೆನ್ಸಿಲ್ಲದವರ ವಾಹನಗಳನ್ನು ಬಾಗಿಲಲ್ಲೇ ತಡೆಯಬೇಕು; ತಂದೆತಾಯಿಗಳು ಕೀಲಿಕೈಯನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು. ಇವರಲ್ಲಿ ಒಬ್ಬರು ಉದಾಸೀನರಾದರೂ ಉಳಿದವರ ಶ್ರಮ ವ್ಯರ್ಥ.

ತರುಣ ವಾಚಕರೇ, ನಿಮ್ಮ ಪಾಲಿನ ಕರ್ತವ್ಯವೂ ಉಂಟು. ಕುಡಿದ ಗೆಳೆಯನ ಹಿಂದೆ ಕುಳಿತು ಹೋಗಬೇಡಿರಿ. ಅವನ ಕೀಲಿಕೈಯನ್ನು ತೆಗೆದಿಟ್ಟುಕೊಂಡು ಅವನನ್ನು ಮನೆಗೆ ತಲುಪಿಸಿರಿ.