ಖಾಸಗಿತನ ಒಬ್ಬಂಟಿಗೆ ದಕ್ಕುವುದಿಲ್ಲ

ಅಂತರ್ಜಾಲದಲ್ಲಿ ಖಾಸಗಿತನದ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ತಪ್ಪದೆ ಕೇಳಿಬರುತ್ತವೆ. ಒಂದು, ‘ನಾನು ತಪ್ಪೇನೂ ಮಾಡುತ್ತಿಲ್ಲ, ಮುಚ್ಚಿಡುವಂಥದ್ದೂ ಇಲ್ಲ, ನನಗ್ಯಾಕೆ ಇದೆಲ್ಲ?’ ಇನ್ನೊಂದು, ‘ಬ್ರೌಸರ್‌ನಲ್ಲಿ ಈ ಇಪ್ಪತ್ತು ಸೆಟ್ಟಿಂಗ್ ಬದಲಿಸಿ, ಈ ಐದು ಎಕ್ಸ್‌ಟೆನ್ಶನ್ ಹಾಕಿ, ಒಂದು ವಿಪಿಎನ್ ಕೊಳ್ಳಿ, ಆಮೇಲೆ ನಿಮ್ಮನ್ನು ಯಾರೂ ಪತ್ತೆ ಹಚ್ಚಲಾರರು.’ ಮೊದಲನೆಯದು ಉದಾಸೀನದ ಮಾತು, ಎರಡನೆಯದು ಉತ್ಸಾಹದ ಮಾತು. ಆದರೆ ಎರಡರ ಬುಡದಲ್ಲಿರುವ ತಪ್ಪು ಒಂದೇ. ಖಾಸಗಿತನ ಅವರವರ ಸ್ವಂತ ವ್ಯವಹಾರ, ಬೇಕಾದವರು ಜಾಣತನದಿಂದ ಗಳಿಸಿಕೊಳ್ಳಲಿ, ಬೇಡವಾದವರು ಬಿಡಲಿ ಎಂದು ಎರಡೂ ನಂಬಿವೆ. ಇದನ್ನು ನಾನು ಒಪ್ಪುವುದಿಲ್ಲ. ಜಾಲದಲ್ಲಿ ಗುರುತು ಸಿಗದೆ ಓಡಾಡುವುದು ಒಬ್ಬರ ಕೈಯಲ್ಲಿರುವ ಸಂಗತಿಯೇ ಅಲ್ಲ. ನಮ್ಮಂತೆಯೇ ಕಾಣುವ ಸಾವಿರಾರು ಜನ ಸುತ್ತ ಇದ್ದರೆ ಮಾತ್ರ ಅದು ಸಾಧ್ಯ. ಹಾಗಾಗಿ ಅದು ಎಲ್ಲರ ಸೊತ್ತು; ಕಾಯುವ ಹೊಣೆಯೂ ಎಲ್ಲರದು.

ಮೊದಲು ಕೇಳಿಕೊಳ್ಳಬೇಕಾದದ್ದು, ಯಾರಿಂದ ಮರೆ ಬೇಕು ಎಂಬ ಪ್ರಶ್ನೆ. ಮನೆಯವರಿಂದಲೇ, ಜಾಹೀರಾತು ಕಂಪನಿಗಳಿಂದಲೇ, ಸಂಪರ್ಕ ಕೊಡುವ ಸಂಸ್ಥೆ ಮತ್ತು ಸರ್ಕಾರದಿಂದಲೇ? ಒಂದೊಂದಕ್ಕೂ ಉಪಾಯ ಬೇರೆ. ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿ ಮೊದಲನೆಯವರಿಗೆ ಮಾತ್ರ ಅಡ್ಡ ಬರುತ್ತದೆ. ಅದನ್ನು ಹೀಗಳೆಯುವವರ ಜೊತೆ ನಾನು ಸೇರುವುದಿಲ್ಲ. ಒಂದೇ ಫೋನನ್ನು ಗಂಡ, ಹೆಂಡತಿ, ಮಕ್ಕಳೆಲ್ಲ ಹಂಚಿಕೊಳ್ಳುವ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಅಂಥ ಮನೆಯಲ್ಲಿ ಗರ್ಭಪಾತದ ಕಾನೂನು ಏನೆಂದು ಹುಡುಕುವ ಹೆಣ್ಣುಮಗಳಿಗೆ, ಖಿನ್ನತೆಗೆ ಮದ್ದಿದೆಯೇ ಎಂದು ಕದ್ದು ಓದುವ ಹುಡುಗನಿಗೆ, ಹಿಸ್ಟರಿಯಲ್ಲಿ ಏನೂ ಉಳಿಯದಿರುವುದೇ ದೊಡ್ಡ ರಕ್ಷಣೆ. ಆದರೆ ಜಾಲತಾಣದ ಕಣ್ಣಿಗೆ ಆ ಕಿಟಕಿ ಪರದೆಯಲ್ಲ. ಇನ್‌ಕಾಗ್ನಿಟೊದಲ್ಲಿದ್ದಾಗಲೂ ತಮ್ಮ ಓಡಾಟದ ದಾಖಲೆ ಸಂಗ್ರಹವಾಗುತ್ತಿದೆ ಎಂದು ಅಮೆರಿಕದ ಬಳಕೆದಾರರು 2020ರಲ್ಲಿ ಗೂಗಲ್ ಮೇಲೆ ದಾವೆ ಹೂಡಿದರು. 2024ರಲ್ಲಿ ರಾಜಿಯಾಯಿತು. ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು.

ಕುಕಿ ಅಳಿಸಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲ್ಲಿ ರೂಪಿಸಿದ ಕುಕಿ, ಅಂದರೆ ತಾಣಗಳು ನಮ್ಮನ್ನು ಗುರುತಿಸಲು ಇಡುವ ಪುಟ್ಟ ಕಡತ, ನಮ್ಮ ಯಂತ್ರದಲ್ಲೇ ಕೂರುತ್ತದೆ, ಅಳಿಸಬಹುದು. ಅಳಿಸಲಾಗದ್ದು ಬ್ರೌಸರ್‌ನ ಬೆರಳಚ್ಚು. ಪರದೆಯ ಅಳತೆ, ಸಮಯ ವಲಯ, ಭಾಷೆ, ಗ್ರಾಫಿಕ್ಸ್ ಕಾರ್ಡ್ ಒಂದು ಚಿತ್ರ ಬರೆಯುವಾಗ ತೋರುವ ಸಣ್ಣ ವ್ಯತ್ಯಾಸ, ಹಾಕಿಕೊಂಡಿರುವ ಫಾಂಟುಗಳು, ಇವೆಲ್ಲ ಬಿಡಿಯಾಗಿ ನೋಡಿದರೆ ಏನೂ ಅಲ್ಲ. ಕೂಡಿಸಿದರೆ ಗುರುತಿನ ಚೀಟಿ. ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ನಾಲ್ಕೂಮುಕ್ಕಾಲು ಲಕ್ಷದಷ್ಟು ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ ಶೇ 83.6ರಷ್ಟು ಬ್ರೌಸರ್‌ಗಳ ಅಚ್ಚು ಬೇರೆ ಯಾವುದಕ್ಕೂ ಹೊಂದಲಿಲ್ಲ.

ಇದು ಕನ್ನಡಿಗರಿಗೆ ಹೇಗೆ ತಟ್ಟುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪುಟವೊಂದನ್ನು ತೆರೆದೊಡನೆ ಅದರೊಳಗಿನ ಸ್ಕ್ರಿಪ್ಟು ಕಣ್ಣಿಗೆ ಕಾಣದ ಮೂಲೆಯಲ್ಲಿ ಒಂದು ಪದವನ್ನು ಬರೆದು ಅದರ ಅಗಲ ಅಳೆಯುತ್ತದೆ. ಫಾಂಟಿನ ಹೆಸರು ಬದಲಿಸಿ ಮತ್ತೆ ಅಳೆಯುತ್ತದೆ. ಅಗಲ ಬದಲಾಯಿತೆಂದರೆ ಆ ಫಾಂಟು ಯಂತ್ರದಲ್ಲಿದೆ ಎಂದರ್ಥ. ಹೀಗೆ ನೂರಾರು ಹೆಸರುಗಳನ್ನು ಕಣ್ಣುಮಿಟುಕಿಸುವಷ್ಟರಲ್ಲಿ ತಡವಿ ಮುಗಿಸುತ್ತದೆ. ಈಗ ನಾರ್ವೆಯ ಆಸ್ಲೋದಲ್ಲಿರುವ ಒಬ್ಬ ಕನ್ನಡಿಗ ಎಂಜಿನಿಯರ್‌ನನ್ನು ಕಲ್ಪಿಸಿಕೊಳ್ಳಿ. ಊರಿನ ಸಂಘದ ಸ್ಮರಣ ಸಂಚಿಕೆ ತಿದ್ದಿಕೊಡಲೆಂದು ಲ್ಯಾಪ್‌ಟಾಪಿನಲ್ಲಿ ನುಡಿ, ಬರಹ ಎರಡರ ಫಾಂಟುಗಳನ್ನೂ ಹಾಕಿಕೊಂಡಿದ್ದಾನೆ. ಅಭಿಮಾನದಿಂದ ಬ್ರೌಸರ್‌ನ ಮೊದಲ ಭಾಷೆ ಕನ್ನಡ ಎಂದು ಇಟ್ಟಿದ್ದಾನೆ. ಹೋದ ಹೋದ ತಾಣಕ್ಕೆಲ್ಲ ಬ್ರೌಸರ್ ಅದನ್ನು ತಾನಾಗಿಯೇ ಹೇಳುತ್ತದೆ. ಗಡಿಯಾರ ಆಸ್ಲೋದ್ದು. ಈ ಮೂರೂ ಕೂಡಿರುವವರು ಆ ಊರಿನಲ್ಲಿ ಎಷ್ಟು ಜನ ಇದ್ದಾರು? ಹೆಸರು, ಫೋನ್ ನಂಬರು, ಲಾಗಿನ್ ಯಾವುದನ್ನೂ ಕೊಡದೆಯೇ ಅವನು ಗುಂಪಿನಿಂದ ಹೊರಗೆ ನಿಂತಾಯಿತು. ಇಂಗ್ಲಿಷಿನಲ್ಲಿ ಓದುವವನಿಗೆ ಕೋಟ್ಯಂತರ ಜನರ ಮರೆ ಇದೆ. ಕನ್ನಡವನ್ನು ಆರಿಸಿಕೊಂಡವನು ಬಯಲಿನಲ್ಲಿದ್ದಾನೆ. ಬಳಸುವವರ ಗುರುತು ಮರೆಸಲೆಂದೇ ಇರುವ ಟಾರ್ ಬ್ರೌಸರ್‌ನವರು ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಭಾಷೆ ಇಂಗ್ಲಿಷ್ ಅಲ್ಲದಿದ್ದರೆ, ಹೆಚ್ಚಿನ ಖಾಸಗಿತನಕ್ಕಾಗಿ ಪುಟಗಳನ್ನು ಇಂಗ್ಲಿಷಿನಲ್ಲಿ ಕೇಳಲೇ ಎಂದು ಅದು ವಿಚಾರಿಸುತ್ತದೆ. ಆ ಸಲಹೆ ತಾಂತ್ರಿಕವಾಗಿ ಸರಿ. ಆದರೆ ಮರೆಯಾಗಲು ತನ್ನ ಭಾಷೆಯನ್ನೇ ಮರೆಮಾಡಬೇಕು ಎನ್ನುವ ಸ್ಥಿತಿಯನ್ನು ನಾನು ಸಹಜವೆಂದು ಒಪ್ಪಲಾರೆ. ಅದಕ್ಕೆ ಇರುವ ಪರಿಹಾರ ಒಂದೇ: ಬ್ರೌಸರನ್ನು ಕನ್ನಡದಲ್ಲಿ ಬಳಸುವವರ ಸಂಖ್ಯೆ ಹೆಚ್ಚಬೇಕು. ಕನ್ನಡದಲ್ಲಿ ಬಳಸುವ ಪ್ರತಿಯೊಬ್ಬರೂ ಹಾಗೆ ಬಳಸುವ ಉಳಿದವರಿಗೆ ಆಸರೆಯಾಗುತ್ತಾರೆ.

ಈಗ ‘ಇಪ್ಪತ್ತು ಸೆಟ್ಟಿಂಗ್’ ಪಾಠದ ತೊಡಕು ಸ್ಪಷ್ಟವಾಗುತ್ತದೆ. ಯಾರೂ ಮುಖವಾಡ ಹಾಕದ ಜಾತ್ರೆಯಲ್ಲಿ ಮುಖವಾಡ ಹಾಕಿಕೊಂಡವನನ್ನೇ ಎಲ್ಲರೂ ತಿರುಗಿ ನೋಡುತ್ತಾರೆ. ಅಪರೂಪದ ಎಕ್ಸ್‌ಟೆನ್ಶನ್, ಸುಳ್ಳು ಹೇಳುವ ಬ್ರೌಸರ್ ಹೆಸರು, ಒಳಗಿನ ಕಡತಗಳಲ್ಲಿ ಕೈಯಾಡಿಸಿ ಮಾಡಿದ ಬದಲಾವಣೆ, ಒಂದೊಂದೂ ನಮ್ಮನ್ನು ಇನ್ನಷ್ಟು ಅಪರೂಪದವರನ್ನಾಗಿ ಮಾಡುತ್ತದೆ. ‘ನನ್ನನ್ನು ಹಿಂಬಾಲಿಸಬೇಡಿ’ ಎಂದು ಜಾಲತಾಣಗಳಿಗೆ ಕೇಳಿಕೊಳ್ಳುವ ಡು ನಾಟ್ ಟ್ರ್ಯಾಕ್ ಸೌಲಭ್ಯದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಬಹುತೇಕ ತಾಣಗಳು ಆ ಮನವಿಯನ್ನು ಲೆಕ್ಕಿಸಲೇ ಇಲ್ಲ. ಅದನ್ನು ಆನ್ ಮಾಡಿದವರು ಯಾರು ಎಂಬುದೇ ಬೆರಳಚ್ಚಿಗೆ ಇನ್ನೊಂದು ಗೆರೆಯಾಗುವಂತಾಯಿತು. 2019ರಲ್ಲಿ ಆ್ಯಪಲ್ ಈ ಕಾರಣ ಕೊಟ್ಟೇ ಸಫಾರಿಯಿಂದ ಅದನ್ನು ತೆಗೆದುಹಾಕಿತು.

ಟಾರ್‌ನ ಹೆಚ್ಚುಗಾರಿಕೆ ಇರುವುದು ಈ ಗಣಿತವನ್ನು ಅರಿತದ್ದರಲ್ಲಿ. ಅದು ನಮ್ಮ ಸಂಪರ್ಕವನ್ನು ಮೂರು ಕೊಂಡಿಗಳ ಮೂಲಕ ಹಾಯಿಸುತ್ತದೆ. ಮೊದಲನೆಯದಕ್ಕೆ ನಾವು ಯಾರೆಂದು ಗೊತ್ತು, ಎಲ್ಲಿಗೆ ಹೊರಟಿದ್ದೇವೆಂದು ಗೊತ್ತಿಲ್ಲ. ಕೊನೆಯದಕ್ಕೆ ಗುರಿ ಗೊತ್ತು, ಹೊರಟವರು ಗೊತ್ತಿಲ್ಲ. ಇನ್ನು ಟಾರ್ ಬ್ರೌಸರ್ ಫಾಂಟುಗಳ ಒಂದು ನಿಗದಿತ ಪಟ್ಟಿಯನ್ನಷ್ಟೇ ತೋರಿಸುತ್ತದೆ, ಎಲ್ಲರ ಗಡಿಯಾರವನ್ನೂ ಒಂದೇ ಮಾಡುತ್ತದೆ, ಕಿಟಕಿಯ ಅಳತೆಯನ್ನು ದುಂಡು ಸಂಖ್ಯೆಗೆ ತರುತ್ತದೆ. ನಮ್ಮನ್ನು ಬಚ್ಚಿಡುವ ಬದಲು ಎಲ್ಲರನ್ನೂ ಒಂದೇ ಥರ ಕಾಣಿಸುತ್ತದೆ. ಈ ತಂತ್ರ ಹುಟ್ಟಿದ್ದು 1990ರ ದಶಕದಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ಸೇನೆಯ ಸೊತ್ತು ಸಾರ್ವಜನಿಕರ ಕೈಗೆ ಬಂದದ್ದಕ್ಕೆ ಕಾರಣ ಸರಳ: ನೌಕಾಪಡೆಯವರು ಮಾತ್ರ ಬಳಸುವ ಜಾಲದಲ್ಲಿ ಕಂಡವರೆಲ್ಲ ನೌಕಾಪಡೆಯವರೇ ಎಂದಾಗುತ್ತದೆ. ತಮ್ಮವರು ಅಡಗಬೇಕಾದರೆ ಉಳಿದವರೂ ಅದರಲ್ಲಿ ಇರಬೇಕು.

ಗುಂಪು ಚಿಕ್ಕದಾದರೆ ಏನಾಗುತ್ತದೆ ಎಂಬುದನ್ನು 2013ರ ಡಿಸೆಂಬರಿನ ಒಂದು ಪ್ರಕರಣ ತೋರಿಸಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಿಕೊಳ್ಳಲು ಟಾರ್ ಮೂಲಕ ಬಾಂಬ್ ಬೆದರಿಕೆಯ ಇಮೇಲ್ ಕಳಿಸಿದ. ತನಿಖಾಧಿಕಾರಿಗಳು ಟಾರ್ ಅನ್ನು ಭೇದಿಸಬೇಕಾಗಲೇ ಇಲ್ಲ. ವಿಶ್ವವಿದ್ಯಾಲಯದ ವೈ-ಫೈ ದಾಖಲೆಯಲ್ಲಿ ಆ ಹೊತ್ತಿಗೆ ಟಾರ್ ಬಳಸಿದವರು ಯಾರು ಎಂದು ನೋಡಿದರು, ಅವನ ಮುಂದೆ ಹೋಗಿ ನಿಂತರು. ಅವನು ಸಿಕ್ಕಿಬಿದ್ದದ್ದು ಒಳ್ಳೆಯದೇ ಆಯಿತು. ಆದರೆ ಕಚೇರಿಯೊಂದರ ಹಗರಣವನ್ನು ಪತ್ರಕರ್ತರಿಗೆ ತಿಳಿಸಲು ಹೊರಟ ಗುಮಾಸ್ತೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಆ ಕಚೇರಿಯಲ್ಲಿ ಟಾರ್ ತೆರೆದವಳು ಅವಳೊಬ್ಬಳೇ ಆದರೆ ಅವಳ ಕಥೆ ಮುಗಿಯಿತು. ಅಲ್ಲಿನ ಹತ್ತಿಪ್ಪತ್ತು ಜನ ದಿನಾ ಸುದ್ದಿ ಓದಲು ಅದನ್ನೇ ಬಳಸುತ್ತಿದ್ದರೆ ಅವಳು ಉಳಿದುಕೊಳ್ಳುತ್ತಾಳೆ. ಮುಚ್ಚಿಡುವಂಥದ್ದೇನೂ ಇಲ್ಲ ಎನ್ನುವವರೇ ಇಲ್ಲಿ ಎಲ್ಲರಿಗಿಂತ ಹೆಚ್ಚು ಬೇಕಾದವರು.

ವಿಪಿಎನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಂಪರ್ಕ ಕೊಡುವ ಸಂಸ್ಥೆಯ ಮೇಲಿದ್ದ ನಂಬಿಕೆಯನ್ನು ಅದು ಇನ್ನೊಂದು ಕಂಪನಿಯ ಮೇಲೆ ವರ್ಗಾಯಿಸುತ್ತದೆ, ಅಷ್ಟೆ. ಗ್ರಾಹಕರ ಹೆಸರು, ವಿಳಾಸ, ಐಪಿ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದಾಗ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್‌ನಂಥ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ವಿಪಿಎನ್ ಹಾಕಿಕೊಂಡು ಜಿಮೇಲ್‌ಗೆ ಲಾಗಿನ್ ಆದವರನ್ನು ಜಿಮೇಲ್ ಹೆಸರು ಹಿಡಿದೇ ಕರೆಯುತ್ತದೆ.

ಗೌರವದಿಂದ ಉತ್ತರಿಸಬೇಕಾದ ಎರಡು ಆಕ್ಷೇಪಗಳಿವೆ. ಮೊದಲನೆಯದು ಪೊಲೀಸರದು: ಗುರುತು ಸಿಗದ ಜಾಲ ಅಪರಾಧಿಗಳಿಗೂ ಆಸರೆ. ಇದು ಸುಳ್ಳಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳ ವ್ಯಾಪಾರ ಇಂಥ ಜಾಲಗಳಲ್ಲಿ ನಡೆದಿದೆ, ಅದರ ಹೊರೆ ನನ್ನ ವಾದದ ಮೇಲೂ ಇದೆ. ಆದರೆ ಅಪರಾಧಿಗಳನ್ನು ಹಿಡಿದ ಬಗೆಯನ್ನೂ ನೋಡಬೇಕು. ಟಾರ್‌ನಲ್ಲಿ ಮಾದಕ ವಸ್ತುಗಳ ಸಂತೆ ನಡೆಸುತ್ತಿದ್ದ ಸಿಲ್ಕ್ ರೋಡ್‌ನ ರಾಸ್ ಉಲ್ಬ್ರಿಕ್ಟ್ 2013ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗ್ರಂಥಾಲಯದಲ್ಲಿ ಸಿಕ್ಕಿಬಿದ್ದ. ತನಿಖೆಯ ಜಾಡು ಹಿಡಿದದ್ದು ಅವನೇ ಹಿಂದೆ ತನ್ನ ಇಮೇಲ್ ವಿಳಾಸದೊಡನೆ ಹಾಕಿದ್ದ ಒಂದು ಸಂದೇಶದಿಂದ. ಶಂಕಿತರ ಬೆನ್ನು ಹತ್ತುವುದು ಪೊಲೀಸ್ ಕೆಲಸ. ಕೋಟಿ ಜನರ ಓದನ್ನು ಮುಂಗಡವಾಗಿ ದಾಖಲಿಸಿಡುವುದು ಬೇರೆಯೇ ಕೆಲಸ. ಇನ್ನು ನಮ್ಮಲ್ಲಿ ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ನಿವೃತ್ತರ ಉಳಿತಾಯ ದೋಚುವವರು ಬಾಡಿಗೆ ಬ್ಯಾಂಕ್ ಖಾತೆ, ಯಾರದೋ ಹೆಸರಿನ ಸಿಮ್‌ಗಳಲ್ಲೇ ಮರೆಯಾಗುತ್ತಾರೆ. ಅವರ ಬಂಡವಾಳ ಬಲಿಯಾದವರ ಬಗ್ಗೆ ಮೊದಲೇ ಸೋರಿಹೋದ ಮಾಹಿತಿ. ಸಂಗ್ರಹವೇ ಕಡಿಮೆಯಾದರೆ ಸೋರುವುದೂ ಕಡಿಮೆಯಾಗುತ್ತದೆ.

ಎರಡನೆಯದು ಬರಹಗಾರರ, ಪ್ರಕಾಶಕರ ಚಿಂತೆ: ಜಾಹೀರಾತಿಲ್ಲದೆ ಉಚಿತ ಜಾಲ ಬದುಕೀತೇ? ಜಾಹೀರಾತು ಇರಲಿ. ಪತ್ರಿಕೆಗಳು ತಲೆಮಾರುಗಟ್ಟಲೆ ಜಾಹೀರಾತಿನಿಂದ ಬದುಕಿವೆ. ಓದುಗ ಯಾವ ಸುದ್ದಿಯ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟ ಎಂದು ಅವಕ್ಕೆ ತಿಳಿಯಬೇಕಿರಲಿಲ್ಲ. ಕೃಷಿಯ ಪುಟದಲ್ಲಿ ಟ್ರ್ಯಾಕ್ಟರ್ ಜಾಹೀರಾತು ಹಾಕಲು ರೈತನ ಕಾಯಿಲೆಯ ವಿವರ ಬೇಡ. ನನ್ನ ವಿರೋಧ ಇರುವುದು ಜಾಹೀರಾತಿನ ಹೆಸರಿನಲ್ಲಿ ಪ್ರತಿಯೊಬ್ಬರ ಮೇಲೂ ತೆರೆದಿರುವ ಕಡತಕ್ಕೆ.

ಹಾಗಾದರೆ ಮಾಡಬೇಕಾದ್ದೇನು? ಕಡಿಮೆ ಮಾಡಬೇಕು, ಎಲ್ಲರೂ ಮಾಡಬೇಕು. ದಿನಬಳಕೆಗೆ ಫೈರ್‌ಫಾಕ್ಸ್ ಇಟ್ಟುಕೊಳ್ಳಿ, ಅದಕ್ಕೆ ಯುಬ್ಲಾಕ್ ಆರಿಜಿನ್ ಎಂಬ ಎಕ್ಸ್‌ಟೆನ್ಶನ್ ಒಂದನ್ನೇ ಸೇರಿಸಿ, ಉಳಿದದ್ದನ್ನು ಹಾಗೆಯೇ ಬಿಡಿ. 2022ರಿಂದ ಆ ಬ್ರೌಸರ್ ಒಂದು ತಾಣದ ಕುಕಿ ಇನ್ನೊಂದು ತಾಣಕ್ಕೆ ಸಿಗದಂತೆ ತಾನಾಗಿಯೇ ಬೇರ್ಪಡಿಸುತ್ತದೆ. ಗುರುತು ನಿಜಕ್ಕೂ ಸಿಗಬಾರದ ಕೆಲಸಕ್ಕೆ ಟಾರ್ ಬ್ರೌಸರ್ ಬಳಸಿ; ಅದಕ್ಕೆ ಏನನ್ನೂ ಸೇರಿಸಬೇಡಿ, ಅದರಲ್ಲಿ ನಿಮ್ಮ ಹೆಸರಿನ ಖಾತೆ ತೆರೆಯಬೇಡಿ. ಕೆಲಸವಿಲ್ಲದ ದಿನವೂ ಅದರಲ್ಲಿ ನಾಲ್ಕು ಪುಟ ಓದಿ.

ಇದಕ್ಕಿಂತ ದೊಡ್ಡ ಕೆಲಸ ಬ್ರೌಸರ್ ಮಾಡುವವರದು, ಸರ್ಕಾರದ್ದು. ಸಫಾರಿ 2020ರಲ್ಲಿ ಮೂರನೆಯವರ ಕುಕಿಗಳನ್ನು ಪೂರ್ತಿ ತಡೆದಾಗ ಕೋಟ್ಯಂತರ ಜನರಿಗೆ ಏನೂ ಕಲಿಯದೆಯೇ ರಕ್ಷಣೆ ಸಿಕ್ಕಿತು. ಅದೇ ವರ್ಷ, ಎರಡು ವರ್ಷದೊಳಗೆ ತಾನೂ ಕೈಬಿಡುವುದಾಗಿ ಹೇಳಿದ್ದ ಕ್ರೋಮ್ ವಾಯಿದೆ ಮುಂದೂಡುತ್ತ ಬಂದು 2024ರಲ್ಲಿ ಮಾತು ಹಿಂತೆಗೆದುಕೊಂಡಿತು. ಬಳಕೆದಾರರ ಜಾಣತನಕ್ಕೆ ಬಿಟ್ಟ ಖಾಸಗಿತನ ಜಾಣರಿಗಷ್ಟೇ ಮೀಸಲಾಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ತೀರ್ಪು ಜಾಣರಿಗೆ ಮಾತ್ರ ಎಂದು ಬರೆದದ್ದಲ್ಲ. ಆದ್ದರಿಂದ ನಮ್ಮ ಸರ್ಕಾರಿ ಜಾಲತಾಣಗಳಲ್ಲಿ ಹೊರಗಿನವರ ಟ್ರ್ಯಾಕರ್‌ಗಳು ಇರಕೂಡದು. ಬರೀ ಮಾಹಿತಿ ಓದಲು ಬಂದವರ ಮೊಬೈಲ್ ಸಂಖ್ಯೆ ಕೇಳಕೂಡದು. ಶಾಲೆ ಮತ್ತು ಸಾರ್ವಜನಿಕ ಗ್ರಂಥಾಲಯಗಳ ಕಂಪ್ಯೂಟರುಗಳಲ್ಲಿ ಹಿಂಬಾಲಿಸುವವರನ್ನು ತಡೆಯುವ ಬ್ರೌಸರ್, ಕನ್ನಡದಲ್ಲಿ, ಮೊದಲೇ ಸಿದ್ಧವಾಗಿರಬೇಕು. ಇಷ್ಟನ್ನು ಕೇಳಿ ಪಡೆಯುವುದು ನಮ್ಮೆಲ್ಲರ ಕೆಲಸ.