ನೀರಿನಲ್ಲೇ ವರ್ಷವಿಡೀ ಬಟಾಣಿ ಬೆಳೆಯಬಹುದೇ? ವಿಡಿಯೊ ಹೇಳದ ಸಂಗತಿ ಇಲ್ಲಿದೆ

ಗ್ಲಾಸಿನ ನೀರಿನಲ್ಲಿ ಒಂದು ಹಿಡಿ ಒಣ ಬಟಾಣಿ. ಮೂರು ದಿನಕ್ಕೆ ಮೊಳಕೆ, ಹತ್ತು ದಿನಕ್ಕೆ ಹಸಿರು ಕುಡಿ, ಮುಂದಿನ ದೃಶ್ಯದಲ್ಲಿ ಬುಟ್ಟಿ ತುಂಬ ಕಾಯಿ. ‘ಮಣ್ಣು ಬೇಡ, ಗೊಬ್ಬರ ಬೇಡ’ ಎಂಬ ಸಾಲಿನ ಕೆಳಗೆ ಹೈಡ್ರೋಪೋನಿಕ್ ಕಿಟ್‌ನ ಲಿಂಕ್. ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಹೊನ್ನಾಳಿಯ ನಮ್ಮ ಮನೆಯವರ ಗ್ರೂಪಿಗೆ ಬಂದದ್ದು ಮಾರ್ಚ್‌ನಲ್ಲಿ. ‘ತರಿಸೋಣವೇನೋ?’ ಎಂದು ಚಿಕ್ಕಮ್ಮ ಕೇಳಿದರು. ಈಗ ಬೇಡ ಚಿಕ್ಕಮ್ಮ ಎಂದೆ.

ವಿಡಿಯೊ ಅರ್ಧ ಸತ್ಯ. ಮೊದಲ ಹತ್ತು ದಿನದ ದೃಶ್ಯ ನಿಜವೇ. ಗಿಡಕ್ಕೆ ಆರಂಭದಲ್ಲಿ ಬೇಕಾದ ಆಹಾರ ಕಾಳಿನೊಳಗೇ ಇರುತ್ತದೆ. ಅದು ಮುಗಿದ ಮೇಲೆ ಬರೀ ನೀರಿನಲ್ಲಿ ನಿಂತ ಗಿಡ ಹಳದಿಯಾಗಿ ಸೊರಗುತ್ತದೆ. ಹೈಡ್ರೋಪೋನಿಕ್ಸ್ ಎಂದರೆ ಬರೀ ನೀರಲ್ಲ. ಸಾರಜನಕ, ರಂಜಕ, ಪೊಟ್ಯಾಷ್, ಕ್ಯಾಲ್ಸಿಯಂ ಮುಂತಾದ ಪೋಷಕಾಂಶಗಳನ್ನು ಕರಗಿಸಿದ ನೀರು. ಅಂದರೆ ಗೊಬ್ಬರ ಬೇಕೇ ಬೇಕು.

ಇನ್ನು ‘ವರ್ಷವಿಡೀ’ ಎಂಬ ಮಾತು. ದುಡ್ಡು ಹಾಳಾಗುವುದು ಇಲ್ಲಿಯೇ. ಬಟಾಣಿ ಚಳಿಗಾಲದ ಬೆಳೆ. ಹೂ ಬಿಡುವಾಗ ಹಗಲಿನ ಉಷ್ಣಾಂಶ 30 ಡಿಗ್ರಿ ದಾಟಿದರೆ ಹೂ ಉದುರುತ್ತದೆ, ಕಾಯಿಯಲ್ಲಿ ಕಾಳು ತುಂಬುವುದಿಲ್ಲ. ದಾವಣಗೆರೆ ಜಿಲ್ಲೆಯಲ್ಲಿ ಏಪ್ರಿಲ್ ಬಿಸಿಲು 36–37 ಡಿಗ್ರಿ ತಲುಪುತ್ತದೆ. ಆಗ ಜಗಳೂರಿನ ಆರ್‌ಸಿಸಿ ಮಾಳಿಗೆಯ ಮೇಲೆ ಕಿಟ್ ಇಟ್ಟರೆ ಅದರ ನೀರೇ ಕಾಯುತ್ತದೆ. ಬಿಸಿ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ, ಹಾಗಾಗಿ ಬೇರು ಕೊಳೆಯುತ್ತದೆ. ಉಪ್ಪಿನಂಶ ಹೆಚ್ಚಿರುವ ಬೋರ್‌ವೆಲ್ ನೀರನ್ನೂ ಬಟಾಣಿ ಸಹಿಸುವುದಿಲ್ಲ.

ನಮ್ಮ ಕಡೆ ಇದಕ್ಕೆ ಸಿಗುವ ಕಾಲ ಚಿಕ್ಕದು. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಬಿತ್ತಿದರೆ ಡಿಸೆಂಬರ್ ಚಳಿಯಲ್ಲಿ ಹೂ, ಜನವರಿಯಲ್ಲಿ ಕಾಯಿ. ಅರ್ಕೆಲ್‌ನಂಥ ಬೇಗ ಬರುವ ತಳಿ ಸುಮಾರು 60 ದಿನದಲ್ಲಿ ಕೊಯ್ಲಿಗೆ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅಜಿತ್’ ಬೂದಿ ರೋಗ ಮತ್ತು ತುಕ್ಕು ರೋಗ ತಡೆಯುತ್ತದೆ. ಚನ್ನಗಿರಿಯವರು ಅಡಿಕೆ ತೋಟದ ನೆರಳಿನಲ್ಲಿ ಇಡಬೇಡಿ, ದಿನಕ್ಕೆ ಐದಾರು ತಾಸು ಬಿಸಿಲು ಬೇಕು.

ಮಣ್ಣೋ ನೀರೋ ಎಂದರೆ ನನ್ನ ಮತ ಮಣ್ಣಿಗೆ. ಬಟಾಣಿಯ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡ ಬಳಸುವಂತೆ ಮಾಡಿಕೊಡುತ್ತದೆ. ಗಂಟು ಸೀಳಿ ನೋಡಿ, ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಪುಕ್ಕಟೆ ಸಿಗುವ ಇದನ್ನು ಬಿಟ್ಟು ಕಿಟ್‌ನಲ್ಲಿ ದುಡ್ಡು ಕೊಟ್ಟು ಸಾರಜನಕ ಹಾಕಬೇಕು. ಕುಂಡದ ಗಿಡಕ್ಕೆ ಯೂರಿಯಾ ಸುರಿದರೂ ನಷ್ಟವೇ: ಎಲೆ ಸೊಂಪು, ಕಾಯಿ ಕಡಿಮೆ.

ಬುಟ್ಟಿ ತುಂಬ ಕಾಯಿಯ ಲೆಕ್ಕಕ್ಕೆ ಬರೋಣ. ಹೊಲದಲ್ಲೇ ಒಂದು ಗಿಡಕ್ಕೆ ಸಿಗುವುದು ಸುಮಾರು 30 ಗ್ರಾಂ ಕಾಯಿ. ಒಂದು ಕಿಲೋ ಬೇಕೆಂದರೆ ಮೂವತ್ತಕ್ಕೂ ಹೆಚ್ಚು ಗಿಡ, ಒಂದಡಿ ಅಗಲದ ಆರೇಳು ಕುಂಡ. ಸುಲಿದರೆ ಉಳಿಯುವುದು ಅರ್ಧ ಕಿಲೋ ಕಾಳು. ಒಂದು ದಿನದ ಪಲಾವ್‌ಗೆ ಸಾಕು! ಆದರೆ ರುಚಿ ಬೇರೆ. ಕಿತ್ತ ಮೇಲೆ ಕಾಳಿನ ಸಕ್ಕರೆ ಪಿಷ್ಟವಾಗುತ್ತಾ ಹೋಗುವುದರಿಂದ ಸಂತೆಯ ಬಟಾಣಿಗೆ ಆ ಸಿಹಿ ಇರುವುದಿಲ್ಲ.

ಬಿತ್ತನೆಗೆ ಫ್ರಿಜ್‌ನ ಫ್ರೋಜನ್ ಬಟಾಣಿ ಆಗುವುದಿಲ್ಲ, ಬಿಸಿ ನೀರಿನಲ್ಲಿ ಅದ್ದಿ ತೆಗೆದ ಆ ಕಾಳು ಸತ್ತಿರುತ್ತದೆ. ಕಿರಾಣಿ ಅಂಗಡಿಯ ಒಣ ಬಟಾಣಿ ಮೊಳೆಯುತ್ತದೆ ನಿಜ, ಆದರೆ ಅದು ಹೆಚ್ಚಾಗಿ ಪಿಷ್ಟದ ತಳಿ, ಸಿಹಿ ಕಡಿಮೆ. ಸಿಹಿ ತಳಿಯ ಕಾಳು ಒಣಗಿದಾಗ ಸುಕ್ಕುಗಟ್ಟಿರುತ್ತದೆ.

ಬೇಸಿಗೆಯಲ್ಲೂ ಏನಾದರೂ ಬೆಳೆಯಲೇಬೇಕೆಂದರೆ ಕುಂಡದಲ್ಲಿ ಅಲಸಂದೆ ಹಾಕಿ. ಅಥವಾ ವಿಡಿಯೊದ ಮೊದಲರ್ಧವನ್ನಷ್ಟೇ ಮಾಡಿ: ಕಿರಾಣಿ ಬಟಾಣಿ ನೆನೆಸಿ, ತಂಪಾದ ಜಾಗದಲ್ಲಿ ಮೊಳೆಯಿಸಿ, ಕುಡಿ ನಾಲ್ಕೈದು ಇಂಚು ಬಂದಾಗ ಕತ್ತರಿಸಿ ಪಲ್ಯಕ್ಕೆ ಹಾಕಿ. ಇದಕ್ಕೆ ಬೀಜದ ಅಂಗಡಿಯ ಗುಲಾಬಿ ಬಣ್ಣದ ಕಾಳು ಮಾತ್ರ ಬೇಡ. ಆ ಬಣ್ಣ ಬೀಜೋಪಚಾರದ ಶಿಲೀಂಧ್ರನಾಶಕದ ಗುರುತು, ತೊಳೆದರೂ ತಿನ್ನುವಂತಿಲ್ಲ.