ಬೋರಲು ಆಟಕ್ಕೂ ಹೊತ್ತು ಕೊಡಿ

ಎಣ್ಣೆ ತಿಕ್ಕಲು ಅಜ್ಜಿ ಕಾಲು ಚಾಚಿ ಕೂತು ಬೋರಲು ಹಾಕಿಕೊಂಡಾಗ, ಕೂಸು ಮುಷ್ಟಿ ಬಿಗಿದು, ತಲೆ ನಡುಗಿಸುತ್ತಾ ಅರೆಗಳಿಗೆ ಮೇಲೆತ್ತುತ್ತದೆ. ಕತ್ತು, ಭುಜ, ಬೆನ್ನಿಗೆ ಬಲ ಬರುವುದು ಹೀಗೆಯೇ. ಮುಂದೆ ಮಗುಚುವುದಕ್ಕೂ ಅಂಬೆಗಾಲಿಡುವುದಕ್ಕೂ ಇದೇ ತಯಾರಿ.

ನಿದ್ದೆಗೆ ಮಾತ್ರ ಅಂಗಾತವೇ ಸರಿ. ಅಮೆರಿಕದಲ್ಲಿ 1994ರಲ್ಲಿ ಈ ಬಗ್ಗೆ ಪ್ರಚಾರ ಶುರುವಾದ ಮೇಲೆ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಜೊತೆಗೆ, ತಲೆಯ ಹಿಂಭಾಗ ಚಪ್ಪಟೆಯಾದ ಮಕ್ಕಳೂ ಹೆಚ್ಚಿದರು.

ಹಾಗಾಗಿ ಎಚ್ಚರವಿದ್ದಾಗಿನ ಬೋರಲು ಆಟವನ್ನು ಬಿಡುವಂತಿಲ್ಲ. ಇನ್ನೂ ಹರಿದಾಡದ ಶಿಶುವಿಗೆ ದಿನಕ್ಕೆ ಕನಿಷ್ಠ 30 ನಿಮಿಷ, ಬಿಡಿಬಿಡಿಯಾಗಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ದುಬಾರಿ ಮ್ಯಾಟ್ ಬೇಕಿಲ್ಲ. ಚಾಪೆಯ ಮೇಲೊಂದು ದುಪ್ಪಟಿ ಸಾಕು. ಅತ್ತರೆ ಅಪ್ಪ ತನ್ನ ಎದೆಯ ಮೇಲೆ ಹಾಕಿಕೊಳ್ಳಲಿ. ಹಾಲು ಕುಡಿದ ಕೂಡಲೇ ಬೇಡ. ಪಕ್ಕದಲ್ಲಿ ದೊಡ್ಡವರು ಇರಲೇಬೇಕು. ನಿದ್ದೆ ಹತ್ತಿದರೆ ತಕ್ಷಣ ಅಂಗಾತ ಮಲಗಿಸಿ.